ಎದೆಯ ಆಪರೇಷನ್ ಆಗಿ ಮೂರು ವಾರ: ಒಳಗಿನ ಗಂಟು, ಅಲ್ಲಾಡುವ ನೀರು, ಮುಟ್ಟಿದರೆ ಗೊತ್ತಾಗದ ಚರ್ಮ

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ. ಊರು ಚಿತ್ತಾಪುರ ತಾಲ್ಲೂಕು. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಎಂಟನೇ ಕ್ಲಾಸಿನಿಂದ ಎದೆ ಹೆಂಗಸರ ಹಾಗೆ ಉಬ್ಬಿಕೊಂಡೇ ಇತ್ತು. ಕಳೆದ ತಿಂಗಳು ಹೈದರಾಬಾದಿಗೆ ಹೋಗಿ ಅದನ್ನು ತಗ್ಗಿಸುವ ಆಪರೇಷನ್ ಮಾಡಿಸಿಕೊಂಡೆ. ಇವತ್ತಿಗೆ 22 ದಿನ. ಬಲಗಡೆ ತೊಟ್ಟಿನ ಕೆಳಗೆ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಎಡಗಡೆ ಚಪ್ಪಟೆಯಾಗಿದೆ, ಆದರೆ ಒತ್ತಿದರೆ ಒಳಗೆ ನೀರು ಅಲ್ಲಾಡಿದ ಹಾಗಾಗುತ್ತದೆ. ಎರಡೂ ಕಡೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಬಿಸಿಲಿಗೆ ತಡೆಯಲಾಗದೆ ನಾಲ್ಕು ದಿನದಿಂದ ಟೈಟ್ ವೆಸ್ಟ್ ತೆಗೆದಿಟ್ಟಿದ್ದೇನೆ. ಅಣ್ಣನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಟ್ರೈನಿಂಗಿಗೆ ಹೋಗಿದ್ದೆ ಎಂದು ಹೇಳಿದ್ದೇನೆ. ಜಿಮ್ಮಿನ ಗೆಳೆಯ ‘ಅದು ಮತ್ತೆ ಬೆಳೆಯುತ್ತೆ’ ಅಂತಾನೆ. ಅಣ್ಣ ‘ಬದನೆಕಾಯಿ, ಮೊಸರು, ಶೇಂಗಾ ಮುಟ್ಟಬೇಡ, ನಂಜಾಗುತ್ತೆ’ ಅಂತಾನೆ. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಿದ್ದರು. ಕ್ಯಾನ್ಸರ್ ಅನುಮಾನ ಇತ್ತಾ? ಮಿಲ್ಲಿನಲ್ಲಿ ಲೋಡ್ ಬಂದಾಗ ಚೀಲಕ್ಕೆ ಕೈ ಹಚ್ಚಬೇಕಾಗುತ್ತದೆ, ಹಚ್ಚಬಹುದಾ? ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಮದುವೆಗೆ ಏನಾದರೂ ತೊಂದರೆ ಇದೆಯಾ?

ಉತ್ತರ: ನೀವು ಕೇಳಿದ್ದರಲ್ಲಿ ಒಂದಕ್ಕೆ ಮಾತ್ರ ಈ ವಾರವೇ ಆಸ್ಪತ್ರೆಗೆ ಹೋಗಬೇಕು. ಉಳಿದವಕ್ಕೆ ಕಾಯಬಹುದು. ಕೆಲವಕ್ಕಂತೂ ಕಾಯುವುದೇ ಮದ್ದು. ನಿಮಗೆ ಜಾಸ್ತಿ ಭಯ ಇರುವುದು ಬಲಗಡೆಯ ಗಂಟಿನ ಬಗ್ಗೆ. ನನಗೆ ಯೋಚನೆ ಇರುವುದು ಎಡಗಡೆಯ ನೀರಿನ ಬಗ್ಗೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಒತ್ತಿದಾಗ ಒಳಗೆ ಅಲ್ಲಾಡುವ ಆ ನೀರಿಗೆ ನಾವು ಸೀರೋಮಾ ಅನ್ನುತ್ತೇವೆ. ಕೊಬ್ಬು, ಸ್ತನದ ಗ್ರಂಥಿ ತೆಗೆದ ಮೇಲೆ ಚರ್ಮದ ಕೆಳಗೆ ಒಂದು ಖಾಲಿ ಜಾಗ ಉಳಿಯುತ್ತದೆ. ಮೇಲಿನ ಚರ್ಮ ಕೆಳಗಿನ ಸ್ನಾಯುವಿಗೆ ಅಂಟಿಕೊಂಡರೆ ಆ ಜಾಗ ಮುಚ್ಚಿಕೊಳ್ಳುತ್ತದೆ. ಅಂಟಿಕೊಳ್ಳುವ ಮೊದಲು ಅಲ್ಲಿ ತಿಳಿ ಹಳದಿ ಬಣ್ಣದ ದ್ರವ ಜಿನುಗಿ ನಿಲ್ಲುತ್ತದೆ. ಇದು ಕೀವಲ್ಲ, ಸೋಂಕೂ ಅಲ್ಲ. ಮೊದಲ ಮೂರು ವಾರದೊಳಗೆ ಹೀಗಾಗುವುದು ಅಪರೂಪವಲ್ಲ. ಟೈಟ್ ವೆಸ್ಟ್ ಕೊಡುವುದೇ ಆ ಚರ್ಮವನ್ನು ಒತ್ತಿ ಹಿಡಿಯಲಿ ಎಂದು. ನೀವು ಅದನ್ನು ನಾಲ್ಕು ದಿನ ತೆಗೆದಿಟ್ಟದ್ದಕ್ಕೂ ಈ ನೀರಿಗೂ ಸಂಬಂಧ ಇರಬಹುದು. ಹಾಗಂತ ತಪ್ಪೆಲ್ಲ ನಿಮ್ಮದೇ ಎಂದು ಕೊರಗಬೇಡಿ. ವೆಸ್ಟ್ ಬಿಡದೆ ಹಾಕಿಕೊಂಡವರಿಗೂ ನೀರು ತುಂಬಿಕೊಂಡದ್ದನ್ನು ನಾನು ನೋಡಿದ್ದೇನೆ.

ನೀರು ಸ್ವಲ್ಪವೇ ಇದ್ದರೆ ದೇಹ ತಾನೇ ಹೀರಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಸೂಜಿ, ಸಿರಿಂಜಿನಿಂದ ಎಳೆದು ತೆಗೆಯಬೇಕು. ಐದು ನಿಮಿಷದ ಕೆಲಸ. ಅಲ್ಲಿ ಹೇಗೂ ಸ್ಪರ್ಶ ಕಡಿಮೆ ಇರುವುದರಿಂದ ಹೆಚ್ಚು ನೋವಾಗುವುದಿಲ್ಲ. ಒಮ್ಮೆ ತೆಗೆದ ಮೇಲೆ ಮತ್ತೆ ತುಂಬಿಕೊಳ್ಳಬಹುದು. ಆಗ ಇನ್ನೊಂದೆರಡು ಸಲ ತೆಗೆಯಬೇಕಾಗುತ್ತದೆ. ಏನೂ ಮಾಡದೆ ಬಿಟ್ಟರೆ ಎರಡು ಅಪಾಯ. ನಿಂತ ನೀರಿಗೆ ಸೋಂಕು ತಗಲಬಹುದು. ಅಥವಾ ನೀರಿನ ಸುತ್ತ ಒಂದು ಪೊರೆ ಬೆಳೆದು ಅದೇ ಗಟ್ಟಿ ಚೀಲದಂತೆ ಉಳಿಯಬಹುದು. ಆಮೇಲೆ ಸೂಜಿಗೆ ಬಗ್ಗುವುದಿಲ್ಲ, ಮತ್ತೆ ಆಪರೇಷನ್ನೇ ಬೇಕಾಗಬಹುದು.

ಇದಕ್ಕಾಗಿ ಹೈದರಾಬಾದಿಗೇ ಓಡಬೇಕಿಲ್ಲ. ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಫೋಟೋ ಕಳಿಸಿ. ಆಮೇಲೆ ಇಲ್ಲೇ ಜಿಮ್ಸ್ ಆಸ್ಪತ್ರೆಯ ಸರ್ಜರಿ ಓಪಿಡಿಗೆ, ಇಲ್ಲವೇ ನಗರದ ಯಾವುದೇ ಸರ್ಜನ್ ಬಳಿಗೆ ಹೋಗಿ. ಬೀದರಿನವರಿಗೆ ಬ್ರಿಮ್ಸ್ ಇದೆ, ಯಾದಗಿರಿಯವರಿಗೆ ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಡಿಸ್ಚಾರ್ಜ್ ಸಮ್ಮರಿ ತಪ್ಪದೆ ಒಯ್ಯಿರಿ. ಲೈಪೊಸಕ್ಷನ್ (ಕೊಬ್ಬನ್ನು ಕೊಳವೆಯಿಂದ ಎಳೆಯುವುದು) ಮಾತ್ರ ಮಾಡಿದ್ದಾರಾ, ಗ್ರಂಥಿಯನ್ನೂ ಕೊಯ್ದು ತೆಗೆದಿದ್ದಾರಾ, ದ್ರವ ಹೊರಹೋಗಲು ಡ್ರೈನ್ ಪೈಪ್ ಇಟ್ಟಿದ್ದರಾ, ಯಾವ ಮಾತ್ರೆ ಕೊಟ್ಟಿದ್ದಾರೆ ಎಲ್ಲವೂ ಅದರಲ್ಲಿರುತ್ತದೆ. ಆ ಒಂದು ಹಾಳೆ ಇದ್ದರೆ ಹೊಸ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಊರಿನ ಆರ್‌ಎಂಪಿ (ಡಿಗ್ರಿ ಇಲ್ಲದೆ ಮದ್ದು ಕೊಡುವವರು) ಹತ್ತಿರ ಸೂಜಿ ಹಾಕಿಸಿಕೊಳ್ಳಬೇಡಿ, ಒತ್ತಿಸಿಕೊಳ್ಳಬೇಡಿ. ಗುಟ್ಟಾಗಿರುತ್ತದೆ, ಹತ್ತಿರದಲ್ಲಿದೆ, ಇನ್ನೂರು ರೂಪಾಯಿಗೆ ಮುಗಿಯುತ್ತದೆ ಎಂದು ಹಾಗೆ ಹೋದ ಹುಡುಗರು ಆಮೇಲೆ ಕೀವು ತುಂಬಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಶುದ್ಧವಾಗಿದ್ದ ದ್ರವಕ್ಕೆ ಕ್ರಿಮಿ ಸೇರಿಸುವುದಕ್ಕೆ ಸರಿಯಾಗಿ ಶುಚಿ ಮಾಡದ ಒಂದು ಸೂಜಿ ಸಾಕು.

ಯಾವಾಗ ಒಂದು ದಿನವೂ ಕಾಯಬಾರದು ಎಂಬುದನ್ನೂ ಇಲ್ಲೇ ಹೇಳುತ್ತೇನೆ. ಜ್ವರ ಬಂದು ಎದೆ ಕೆಂಪಾಗಿ ಬಿಸಿಯಾದರೆ, ಹೊಲಿಗೆಯಿಂದ ಕೀವು ಅಥವಾ ವಾಸನೆ ಬಂದರೆ, ತೊಟ್ಟಿನ ಚರ್ಮ ಕಪ್ಪಾಗುತ್ತಾ ಹೋದರೆ, ಒಂದೇ ಕಡೆ ಗಂಟೆಗಳಲ್ಲಿ ಊದಿ ಬಿಗಿದುಕೊಂಡು ನೋವು ಏರಿದರೆ ಅವತ್ತೇ ಹೋಗಬೇಕು. ಹೀಗೆ ದಿಢೀರ್ ಊದಿಕೊಳ್ಳುವುದು ಒಳಗೆ ರಕ್ತ ತುಂಬಿದಾಗ. ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಆಗುತ್ತದೆ. ನೀವು ಆ ಘಟ್ಟ ದಾಟಿದ್ದೀರಿ. ಆದರೂ ಬೈಕಿನಿಂದ ಬಿದ್ದರೆ, ಭಾರ ಎತ್ತಿದರೆ ಈಗಲೂ ಆಗಬಹುದು. ಮೀನಖಂಡ ಊದಿ ನೋವಾದರೆ ಅದನ್ನೂ ಅವತ್ತೇ ತೋರಿಸಿ. ಉಸಿರು ಸಿಕ್ಕಿಕೊಂಡರೆ ಮಾತ್ರ ಓಪಿಡಿಯಲ್ಲಿ ಚೀಟಿ ಮಾಡಿಸುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಬಲಗಡೆಯ ಗಂಟು. ಮೂರನೇ ವಾರದಲ್ಲಿ ನಮಗೆ ಬರುವ ಫೋನುಗಳಲ್ಲಿ ಬಹುಪಾಲು ಇದರ ಬಗ್ಗೆಯೇ. ‘ಡಾಕ್ಟ್ರೇ, ನೀವು ಗ್ರಂಥಿ ಪೂರ್ತಿ ತೆಗೆದಿಲ್ಲ’ ಎಂದು ಕೆಲವರು ಸಿಟ್ಟಿನಲ್ಲೇ ಮಾತು ಶುರು ಮಾಡುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸಾಲ ಮಾಡಿ, ಯಾರಿಗೂ ಹೇಳದೆ ಹೋಗಿ, ಇಷ್ಟು ನೋವು ತಿಂದ ಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟು ಸಿಕ್ಕರೆ ಎದೆ ಧಸಕ್ಕೆನ್ನದೆ ಇರುತ್ತದಾ?

ಒಳಗೆ ಏನು ನಡೆದಿದೆ ಎಂದು ತಿಳಿದರೆ ಆ ಭಯ ಅರ್ಧ ಇಳಿಯುತ್ತದೆ. ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಇರುತ್ತವೆ. ಮೊದಲನೆಯದು, ಪಕ್ಕದಲ್ಲಿ ಸಣ್ಣ ತೂತು ಮಾಡಿ, ತೆಳ್ಳನೆಯ ಕೊಳವೆ ಹಾಕಿ ಕೊಬ್ಬನ್ನು ಎಳೆದು ತೆಗೆಯುವುದು. ಎರಡನೆಯದು, ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳಗಿನ ಅಂಚಿನಲ್ಲಿ ಅರ್ಧಚಂದ್ರದಂತೆ ಕೊಯ್ದು ಗ್ರಂಥಿಯನ್ನು ಹೊರತೆಗೆಯುವುದು. ಗಾಯದ ಗುರುತು ಆ ಕಪ್ಪು ಅಂಚಿನಲ್ಲೇ ಮರೆಯಾಗುತ್ತದೆ. 1946ರಲ್ಲಿ ವೆಬ್‌ಸ್ಟರ್ ಎಂಬ ಸರ್ಜನ್ ಬರೆದಿಟ್ಟ ಈ ದಾರಿಯನ್ನೇ ಇವತ್ತಿಗೂ ಹೆಚ್ಚಿನವರು ಹಿಡಿಯುತ್ತಾರೆ. ಆದರೆ ಗ್ರಂಥಿಯನ್ನು ಪೂರ್ತಿ ಕೆರೆದು ತೆಗೆಯುವುದಿಲ್ಲ. ತೊಟ್ಟಿನ ಕೆಳಗೆ ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪದ ಪದರವನ್ನು ಬೇಕೆಂದೇ ಉಳಿಸುತ್ತೇವೆ. ಅದನ್ನೂ ತೆಗೆದರೆ ತೊಟ್ಟು ಒಳಗೆ ಕುಸಿದು ಎದೆಯ ಮೇಲೆ ಗುಂಡಿ ಬೀಳುತ್ತದೆ. ತೊಟ್ಟಿಗೆ ರಕ್ತ ಹೋಗುವುದೂ ಕಷ್ಟವಾಗುತ್ತದೆ.

ಅಂದರೆ ನಿಮ್ಮ ಕೈಗೆ ಸಿಗುವ ಗಂಟಿನಲ್ಲಿ ಮೂರು ವಸ್ತು ಇರಬಹುದು: ಉದ್ದೇಶಪೂರ್ವಕವಾಗಿ ಉಳಿಸಿದ ಆ ಪದರ, ಅದರ ಸುತ್ತ ನಿಂತ ಊತ, ಮತ್ತು ಗಾಯ ಮಾಯುವಾಗ ದೇಹ ಕಟ್ಟುವ ಹೊಸ ನಾರು. ಈ ನಾರು ಎರಡನೇ ವಾರದಿಂದ ಗಟ್ಟಿಯಾಗುತ್ತಾ ಹೋಗುತ್ತದೆ. ಆರನೇ ವಾರದ ಹೊತ್ತಿಗೆ ಅತಿ ಗಟ್ಟಿ ಅನಿಸಬಹುದು. ಆಮೇಲೆ ನಿಧಾನವಾಗಿ ಮೆತ್ತಗಾಗುತ್ತದೆ. ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಮುಂದಿನ ಎರಡು ಮೂರು ವಾರದಲ್ಲಿ ಗಂಟು ಇನ್ನೂ ಗಟ್ಟಿಯಾದರೆ ಗಾಬರಿಯಾಗಬೇಡಿ. ಗಾಯ ಮಾಯುವ ದಾರಿಯೇ ಅದು.

ಮುಟ್ಟಿ ನೋಡುವುದಕ್ಕೂ ಒಂದು ರೀತಿ ಇದೆ. ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಹಿಡಿದರೆ ಯಾರ ಎದೆಯಲ್ಲಾದರೂ ಗಂಟು ಸಿಕ್ಕೇ ಸಿಗುತ್ತದೆ. ಅಂಗಾತ ಮಲಗಿ, ಮೂರು ಬೆರಳು ಚಪ್ಪಟೆಯಾಗಿ ಇಟ್ಟು, ಪಕ್ಕೆಲುಬಿನ ಮೇಲೆ ಮೆಲ್ಲಗೆ ಒತ್ತಿ ನೋಡಿ. ವಾರಕ್ಕೊಮ್ಮೆ ಸಾಕು. ದಿನಕ್ಕೆ ಹತ್ತು ಸಲ ಬಚ್ಚಲುಮನೆಯಲ್ಲಿ ನಿಂತು ಒತ್ತುವ ಹುಡುಗರಿದ್ದಾರೆ. ಹಾಗೆ ಒತ್ತುತ್ತಲೇ ಇರುವುದರಿಂದ ಊತ ಇಳಿಯದೆ ಉಳಿಯುತ್ತದೆ.

ಹೊಲಿಗೆ ಪೂರ್ತಿ ಮುಚ್ಚಿದ್ದರೆ, ಎಡಗಡೆಯ ನೀರಿನ ವಿಚಾರ ಮುಗಿದಿದ್ದರೆ, ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಮಸಾಜ್ ಶುರು ಮಾಡಬಹುದು. ಕೊಬ್ಬರಿ ಎಣ್ಣೆ ಆಗುತ್ತದೆ, ದುಬಾರಿ ಕ್ರೀಮ್ ಬೇಕಿಲ್ಲ. ಬೆರಳಿನ ತುದಿಯಿಂದ ಗಂಟಿನ ಮೇಲೆ ವೃತ್ತಾಕಾರವಾಗಿ, ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಒತ್ತುವಾಗ ಉಗುರಿನ ಬಣ್ಣ ಸ್ವಲ್ಪ ಬಿಳಚಿಕೊಳ್ಳಬೇಕು, ಅಷ್ಟು ಬಲ ಸಾಕು. ಕಣ್ಣಲ್ಲಿ ನೀರು ಬರುವಷ್ಟು ತಿಕ್ಕಿದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ.

ಸ್ಪರ್ಶ ಗೊತ್ತಾಗದಿರುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚರ್ಮದ ಸಣ್ಣ ನರಗಳು ಆಪರೇಷನ್‌ನಲ್ಲಿ ಎಳೆದಾಡಲ್ಪಟ್ಟಿವೆ, ಕೆಲವು ಕತ್ತರಿಸಿಯೂ ಹೋಗಿವೆ. ಅವು ಬಹಳ ನಿಧಾನವಾಗಿ ಬೆಳೆಯುತ್ತವೆ. ಮೊದಲು ಚುಚ್ಚಿದಂತೆ, ಸಣ್ಣ ಕರೆಂಟ್ ಹೊಡೆದಂತೆ, ಇಲ್ಲವೇ ತುರಿಕೆ ಬಂದಂತೆ ಆಗುತ್ತದೆ. ಅದು ಒಳ್ಳೆಯ ಸೂಚನೆ. ಬಹುತೇಕರಿಗೆ ಆರು ತಿಂಗಳು, ಒಂದು ವರ್ಷದೊಳಗೆ ಸ್ಪರ್ಶ ಮರಳುತ್ತದೆ. ಕೆಲವರಿಗೆ ಒಂದು ಸಣ್ಣ ಜಾಗ ಮಂದವಾಗಿಯೇ ಉಳಿಯಬಹುದು, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿಯವರೆಗೆ ಬಿಸಿನೀರಿನ ಚೀಲ, ಐಸ್ ಎರಡನ್ನೂ ಎದೆಗೆ ನೇರವಾಗಿ ಇಡಬೇಡಿ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಇರುವುದನ್ನು ಈಗಲೇ ಅಳೆಯಲು ಹೋಗಬೇಡಿ. ಊತ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೂರನೇ ತಿಂಗಳಿಗೆ ಆಕಾರದ ಅಂದಾಜು ಸಿಗುತ್ತದೆ, ಆರನೇ ತಿಂಗಳಿಗೆ ಮಾತಾಡಬಹುದು. ಆಗಲೂ ಬಲಗಡೆ ಗಂಟು ಎದ್ದು ಕಾಣುತ್ತಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ ನೋಡುತ್ತೇವೆ. ಗ್ರಂಥಿ ನಿಜಕ್ಕೂ ಜಾಸ್ತಿ ಉಳಿದಿದ್ದರೆ ಅದೇ ಗುರುತಿನಿಂದ ಮತ್ತೆ ತೆಗೆಯಬಹುದು. ಬರೀ ನಾರು ಗಡುಸಾಗಿ ಕೂತಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬಹುದು. ಅದನ್ನು ಜಾಸ್ತಿ ಕೊಟ್ಟರೆ ಚರ್ಮ ತೆಳುವಾಗಿ ಗುಂಡಿ ಬೀಳುತ್ತದೆ, ಹಾಗಾಗಿ ನನ್ನ ಕೈ ಅದರಲ್ಲಿ ಬಿಗಿ. ಗುಂಡಿಯೇ ಬಿದ್ದಿದ್ದರೆ ಹೊಟ್ಟೆಯ ಕೊಬ್ಬು ತೆಗೆದು ಅಲ್ಲಿ ತುಂಬಬಹುದು. ಆದರೆ ತುಂಬಿದ ಕೊಬ್ಬಿನಲ್ಲಿ ಒಂದು ಭಾಗ ಕರಗಿಹೋಗುತ್ತದೆ, ಎರಡನೇ ಸಲ ಮಾಡಬೇಕಾಗಿ ಬರಬಹುದು. ಆರು ತಿಂಗಳ ಮೊದಲು ಯಾರಾದರೂ ‘ಬನ್ನಿ, ಮತ್ತೆ ಮಾಡಿಬಿಡೋಣ’ ಎಂದು ದುಡ್ಡು ಕಟ್ಟಿಸಿಕೊಳ್ಳಲು ಬಂದರೆ ಬೇಡ ಎನ್ನಿ. ಊತದ ಮೇಲೆ ಕೊಯ್ದರೆ ಎಷ್ಟು ತೆಗೆಯಬೇಕು ಎಂಬ ಅಂದಾಜೇ ಸಿಗುವುದಿಲ್ಲ.

ನೆನಪಿನ ಮೇಲೆ ನಂಬಿಕೆ ಇಡಬೇಡಿ, ಫೋಟೋ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ, ಅದೇ ಕಿಟಕಿಯ ಎದುರು, ಅದೇ ಹೊತ್ತಿನಲ್ಲಿ, ಕೈ ಸೊಂಟದ ಮೇಲೆ. ಮುಂದಿನಿಂದ ಒಂದು, ಎರಡೂ ಕಡೆ ಓರೆಯಾಗಿ, ಎರಡೂ ಪಕ್ಕದಿಂದ. ಫೋನನ್ನು ಎದೆಯ ಮಟ್ಟದಲ್ಲಿ ಅಣ್ಣ ಹಿಡಿಯಲಿ. ಸೆಲ್ಫಿಯಲ್ಲಿ ತೋಳು ಎತ್ತಿದ ಕಡೆಯ ಎದೆಯ ಆಕಾರವೇ ಬದಲಾಗುತ್ತದೆ. ದೂರದ ಡಾಕ್ಟರಿಗೂ ಇಂಥ ಫೋಟೋ ಇದ್ದರೆ ಹೇಳಲು ಅನುಕೂಲ.

ಇನ್ನು ವೆಸ್ಟ್. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಿಗೆ ಮೈಗಂಟಿದ ಟೈಟ್ ಬಟ್ಟೆಯಲ್ಲಿ ಇಡೀ ದಿನ ಇರಿ ಎಂದು ಹೇಳುವುದು ಸುಲಭ, ಇರುವುದು ಕಷ್ಟ. ನನ್ನ ಕೈಯಲ್ಲಿದ್ದರೆ ಈ ಆಪರೇಷನ್ನನ್ನು ಇಲ್ಲಿಯವರಿಗೆ ನವೆಂಬರಿನಿಂದ ಫೆಬ್ರವರಿಯೊಳಗೆ ಮಾಡಿಸಿಕೊಳ್ಳಿ ಎನ್ನುತ್ತೇನೆ. ಈಗ ಯೋಚನೆ ಮಾಡುತ್ತಿರುವ ಹುಡುಗರು ಇದನ್ನು ಮನಸ್ಸಿನಲ್ಲಿಡಿ. ಎಷ್ಟು ದಿನ ಹಾಕಬೇಕು ಎಂಬುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ನಾಲ್ಕರಿಂದ ಆರು ವಾರ ಎಂಬುದು ಸಾಮಾನ್ಯ ಲೆಕ್ಕ. ನಿಮಗೆ ನೀರು ತುಂಬಿರುವುದರಿಂದ ನಾನು ಆರು ವಾರದ ಕಡೆಗೇ ವಾಲುತ್ತೇನೆ.

ಸಾಧ್ಯವಾಗುವ ದಾರಿ ಹೀಗಿದೆ. ಎರಡು ವೆಸ್ಟ್ ಇಟ್ಟುಕೊಳ್ಳಿ. ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ನಮ್ಮ ಒಣ ಬಿಸಿಲಿಗೆ ಬಟ್ಟೆ ಬೇಗ ಒಣಗುತ್ತದೆ, ಅದೊಂದು ಅನುಕೂಲ. ಒಳಗೆ ತೆಳ್ಳನೆಯ ಹತ್ತಿ ಬನಿಯನ್ ಹಾಕಿ, ಅದರಲ್ಲಿ ಮಡಿಕೆ ಇರಬಾರದು. ಮಡಿಕೆಯ ಗೆರೆಯೇ ಊದಿದ ಚರ್ಮದ ಮೇಲೆ ಅಚ್ಚಾಗಿ ಕೂರುತ್ತದೆ. ದಿನಕ್ಕೆರಡು ಸಲ ಸ್ನಾನಕ್ಕೆ ತೆಗೆದಾಗ ಅರ್ಧ, ಮುಕ್ಕಾಲು ಗಂಟೆ ಕೂಲರ್ ಎದುರು ಕೂತು ಕಂಕುಳು, ಎದೆಯ ಕೆಳಗಿನ ಮಡಿಕೆ ಪೂರ್ತಿ ಒಣಗಿಸಿ. ಬೆವರುಸಾಲೆ ಎದ್ದಿದ್ದರೆ ಕ್ಯಾಲಮೈನ್ ಹಚ್ಚಬಹುದು, ಆದರೆ ಹೊಲಿಗೆಯ ಹತ್ತಿರ ಲೋಷನ್ನೂ ಬೇಡ, ಪೌಡರೂ ಬೇಡ. ವೃತ್ತಾಕಾರದ ಕೆಂಪು ತುರಿಕೆ ಬಂದರೆ ಅದು ಗಜಕರ್ಣ ಇರಬಹುದು. ಮೆಡಿಕಲ್ ಶಾಪಿನವರು ಕೊಡುವ ಸ್ಟಿರಾಯ್ಡ್ ಬೆರೆಸಿದ ಟ್ಯೂಬ್ ಹಚ್ಚಿದರೆ ಹಬ್ಬುತ್ತದೆ. ತೋರಿಸಿ ಮದ್ದು ತಗೊಳ್ಳಿ. ಒಂದು ಮಾತು: ಉಸಿರು ಎಳೆಯಲು ಕಷ್ಟವಾಗುವಷ್ಟು, ಗುಳ್ಳೆ ಏಳುವಷ್ಟು ಬಿಗಿ ಇದ್ದರೆ ವೆಸ್ಟಿನ ಸೈಜೇ ತಪ್ಪು. ಊತ ಇಳಿದಂತೆ ಸೈಜು ಬದಲಾಗುತ್ತದೆ, ಮೊದಲ ವಾರದ ವೆಸ್ಟ್ ಐದನೇ ವಾರಕ್ಕೆ ಸಡಿಲವಾಗಿ ಕೆಲಸಕ್ಕೆ ಬಾರದಂತಾಗಬಹುದು.

ನಂಜಿನ ವಿಚಾರಕ್ಕೆ ಬರೋಣ. ನಮ್ಮ ಕಡೆ ಹೊಲಿಗೆ ಬಿದ್ದವರಿಗೆಲ್ಲ ಬದನೆಕಾಯಿ, ಕುಂಬಳಕಾಯಿ, ಮೊಸರು, ಶೇಂಗಾ ಬಂದ್. ಅಣ್ಣನ ಕಾಳಜಿ ದೊಡ್ಡದು, ಆದರೆ ಈ ಪದಾರ್ಥಗಳಿಂದ ಗಾಯ ಕೀವಾಗುವುದಿಲ್ಲ. ಕೀವಾಗುವುದು ಕ್ರಿಮಿಯಿಂದ. ಕ್ರಿಮಿ ಬರುವುದು ಕೈ, ಬಟ್ಟೆ, ಸೂಜಿಯಿಂದ. ಯಾರಿಗಾದರೂ ಒಂದು ತಿನಿಸಿನಿಂದ ನಿಜಕ್ಕೂ ಅಲರ್ಜಿ ಇದ್ದರೆ ಆ ಮಾತು ಬೇರೆ. ಪಥ್ಯ ಅಂತ ಬರೀ ಅನ್ನ, ತಿಳಿಸಾರು ತಿಂದು ಬಂದವರ ಗಾಯ ನಿಧಾನ ಮಾಯುವುದನ್ನು ನಾನು ನೋಡುತ್ತಲೇ ಇದ್ದೇನೆ. ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕು. ಅರವತ್ತು ಕೆಜಿ ತೂಕದವರಿಗೆ ಈ ದಿನಗಳಲ್ಲಿ ದಿನಕ್ಕೆ 70ರಿಂದ 90 ಗ್ರಾಂ ಬೇಕಾಗುತ್ತದೆ. ನೀವಿರುವುದು ಎಲ್ಲಿ? 2019ರಲ್ಲಿ ಈ ನೆಲದ ವಿಶೇಷ ಎಂದು ಜಿಐ ಟ್ಯಾಗ್ ಸಿಕ್ಕ ತೊಗರಿಬೇಳೆಯ ಊರಿನಲ್ಲಿ, ಅದೂ ದಾಲ್ ಮಿಲ್‌ನಲ್ಲಿ. ಗಟ್ಟಿ ಬೇಳೆ ಉಣ್ಣಿ. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಗಡ್ಡೆ ಮೊಸರು ಹಾಕಿಕೊಳ್ಳಿ. ಪುಂಡಿ ಪಲ್ಯ ಇರಲಿ. ತಿನ್ನುವವರಾದರೆ ಮೊಟ್ಟೆ ತಿನ್ನಿ, ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ. ಹೊಲಿಗೆಯ ಮೇಲೆ ಅರಿಶಿನ, ಬೇವಿನ ರಸ ಮಾತ್ರ ಬೇಡ. ಅಡಿಗೆಮನೆಯ ಅರಿಶಿನ ಕ್ರಿಮಿರಹಿತ ಅಲ್ಲ.

ತಂಬಾಕಿನ ಬಗ್ಗೆ ನೀವು ಬರೆದಿಲ್ಲ. ಇದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಸಂತೋಷ. ಬದನೆಕಾಯಿ ಬಿಟ್ಟು ಗುಟ್ಕಾ ಮುಂದುವರಿಸುವವರು ನಮ್ಮಲ್ಲಿ ಬಹಳ. ಗುಟ್ಕಾ ಇರಲಿ, ಬೀಡಿ ಇರಲಿ, ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ತೊಟ್ಟಿಗೆ ಈಗ ರಕ್ತ ತರುತ್ತಿರುವುದೇ ಆ ಸಣ್ಣ ನಾಳಗಳು. ತೊಟ್ಟಿನ ಚರ್ಮ ಕಪ್ಪಾಗಿ ಸಾಯುವ ಅಪಾಯ ತಂಬಾಕು ಹಾಕುವವರಲ್ಲಿ ಜಾಸ್ತಿ. ಕಡೇ ಪಕ್ಷ ಆರು ವಾರ ಬಾಯಿಗೆ ಹಾಕಬೇಡಿ.

ಮತ್ತೆ ಬೆಳೆಯುತ್ತದಾ? ಗೆಳೆಯ ಹೇಳಿದ್ದರಲ್ಲಿ ಒಂದು ಎಳೆ ನಿಜ ಇದೆ, ಉಳಿದದ್ದು ಹೆದರಿಕೆ. ತೆಗೆದ ಗ್ರಂಥಿ ಮತ್ತೆ ಹುಟ್ಟುವುದಿಲ್ಲ. ಉಳಿಸಿದ ಆ ತೆಳು ಪದರಕ್ಕೆ ಮತ್ತೆ ಹಾರ್ಮೋನ್ ಏಟು ಬಿದ್ದರೆ ಅದು ಉಬ್ಬಬಹುದು. ನಿಮ್ಮದು ಹದಿಮೂರು, ಹದಿನಾಲ್ಕರಲ್ಲಿ ಶುರುವಾದದ್ದು. ಆ ವಯಸ್ಸಿನಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಎದೆ ಸ್ವಲ್ಪ ಉಬ್ಬುತ್ತದೆ. ದೇಹದ ಹಾರ್ಮೋನುಗಳು ಹೊಂದಿಕೊಳ್ಳುವ ಕಾಲ ಅದು. ಬಹುಪಾಲು ಎರಡು ವರ್ಷದಲ್ಲಿ ಇಳಿಯುತ್ತದೆ. ಕೆಲವರಿಗೆ ನಾರಾಗಿ ಕೂತುಬಿಡುತ್ತದೆ, ಆಗ ಮಾತ್ರೆಗೂ ಬಗ್ಗುವುದಿಲ್ಲ, ವ್ಯಾಯಾಮಕ್ಕೂ ಬಗ್ಗುವುದಿಲ್ಲ. ಫಾರಂ ಕೋಳಿ ತಿಂದದ್ದರಿಂದ ಹೀಗಾಯಿತು ಎಂಬ ಮಾತಿಗೆ ಆಧಾರ ಇಲ್ಲ.

ನಿಮ್ಮ ಗೆಳೆಯ ಕೊಡಬೇಕಿದ್ದ ಎಚ್ಚರಿಕೆ ಬೇರೆ. ಜಿಮ್ಮಿನಲ್ಲಿ ಗುಟ್ಟಾಗಿ ಮಾರುವ ಸ್ಟಿರಾಯ್ಡ್ ಇಂಜೆಕ್ಷನ್, ಲೇಬಲ್ ಸರಿ ಇಲ್ಲದ ಪೌಡರುಗಳು ನಿಜವಾದ ಅಪಾಯ. ಹೊರಗಿನಿಂದ ಗಂಡು ಹಾರ್ಮೋನ್ ಸುರಿದರೆ ದೇಹ ಅದರಲ್ಲಿ ಒಂದು ಪಾಲನ್ನು ಹೆಣ್ಣು ಹಾರ್ಮೋನ್ ಆಗಿ ಬದಲಾಯಿಸುತ್ತದೆ. ಎದೆ ಬೆಳೆಯುವುದು ಅದರಿಂದಲೇ. ಒಳ್ಳೆಯ ಕಂಪನಿಯ ಬರೀ ಪ್ರೋಟೀನ್ ಪೌಡರಿಂದ ಹೀಗಾಗುವುದಿಲ್ಲ. ಅತಿಯಾದ ಕುಡಿತ, ಲಿವರ್ ಕಾಯಿಲೆ, ಬಿ.ಪಿ. ಮತ್ತು ಊತಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಕೂದಲು ಉದುರದಿರಲು ತಗೊಳ್ಳುವ ಫಿನಾಸ್ಟರೈಡ್ ಇವೂ ಕಾರಣವಾಗಬಹುದು. ತೂಕ ಹತ್ತು ಕೆಜಿ ಏರಿದರೆ ಎದೆಯಲ್ಲೂ ಕೊಬ್ಬು ಕೂರುತ್ತದೆ, ಅದು ಗ್ರಂಥಿ ಅಲ್ಲ.

ಲ್ಯಾಬಿಗೆ ಕಳಿಸಿದ್ದಕ್ಕೆ ಹೆದರಬೇಡಿ, ಕಳಿಸಿದ ಡಾಕ್ಟರ್ ಸರಿಯಾದ ಕೆಲಸ ಮಾಡಿದ್ದಾರೆ. ದೇಹದಿಂದ ತೆಗೆದದ್ದನ್ನು ಪರೀಕ್ಷೆ ಮಾಡಿಸುವುದು ಪದ್ಧತಿ. ಈ ಉಬ್ಬು ಕ್ಯಾನ್ಸರಿನ ಮೊದಲ ಹಂತವೂ ಅಲ್ಲ. ಎಲ್ಲ ಸ್ತನ ಕ್ಯಾನ್ಸರುಗಳಲ್ಲಿ ಗಂಡಸರಿಗೆ ಬರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಅದೂ ಹೆಚ್ಚಾಗಿ ಅರವತ್ತು ದಾಟಿದವರಲ್ಲಿ. ರಿಪೋರ್ಟ್ ತರಿಸಿಕೊಳ್ಳಿ. ಅದರಲ್ಲಿ ‘ಗೈನಕೊಮಾಸ್ಟಿಯಾ’ (ಗಂಡಸರ ಎದೆಯ ಈ ಉಬ್ಬಿನ ಹೆಸರು), ‘ಬಿನೈನ್’ (ಕ್ಯಾನ್ಸರ್ ಅಲ್ಲ) ಎಂದಿದ್ದರೆ ಫೈಲಿಗೆ ಹಾಕಿ ಇಟ್ಟುಬಿಡಿ.

ಚೀಲ ಬೇಡ. ಐವತ್ತು ಕೆಜಿ ಚೀಲಕ್ಕೆ ಕೈ ಹಚ್ಚಿದರೆ ಮೊದಲು ಎಳೆಯುವುದೇ ಎದೆಯ ಸ್ನಾಯು, ಅದರ ಮೇಲೆಯೇ ನಿಮ್ಮ ಚರ್ಮ ಅಂಟಿಕೊಳ್ಳಬೇಕಾಗಿರುವುದು. ಆರು ವಾರ ಮುಗಿಯಲಿ, ನೀರು ತುಂಬುವುದು ನಿಂತಿದೆ ಎಂದು ಡಾಕ್ಟರ್ ಹೇಳಲಿ. ಲೆಕ್ಕ ಬರೆಯುವುದಕ್ಕೆ, ನಡೆಯುವುದಕ್ಕೆ ಅಡ್ಡಿ ಇಲ್ಲ. ಬೈಕ್ ಹತ್ತಿರಕ್ಕೆ ಆಗಬಹುದು, ಆದರೆ ಚಿತ್ತಾಪುರದ ತನಕ ದಿನಾ ಬೈಕಿನಲ್ಲಿ ಬೇಡ. ತಗ್ಗುಗಳಿಗೆ ಹ್ಯಾಂಡಲ್ ಹಿಡಿದ ಕೈಯಿಂದ ಎದೆಗೇ ಏಟು. ಸದ್ಯಕ್ಕೆ ಬಸ್ಸಿಗೆ ಬನ್ನಿ, ಇಲ್ಲವೇ ರೈಲಿಗೆ. ಜಿಮ್ಮಿನಲ್ಲಿ ಕಾಲಿನ ಹಗುರ ವ್ಯಾಯಾಮ ಈಗ, ಪುಷ್‌ಅಪ್, ಬೆಂಚ್ ಪ್ರೆಸ್ ಆರು ವಾರದ ಮೇಲೆ, ಅದೂ ಅರ್ಧ ಭಾರದಿಂದ. ಬೋರಲು ಮಲಗುವುದೂ ಅಲ್ಲಿಯವರೆಗೆ ಬೇಡ.

ಮನೆಯಲ್ಲಿ ಹೇಳದಿರುವ ಬಗ್ಗೆ ಎರಡು ಮಾತು. ಈ ನಾಚಿಕೆ ನಿಮ್ಮೊಬ್ಬರದಲ್ಲ. ಏಳನೇ ಶತಮಾನದಲ್ಲೇ ಪಾಲ್ ಆಫ್ ಈಜಿನಾ ಎಂಬ ಗ್ರೀಕ್ ವೈದ್ಯ ಗಂಡಸರ ಎದೆ ತಗ್ಗಿಸುವ ಆಪರೇಷನ್ ಬಗ್ಗೆ ಬರೆದ. ಜನ ಹೆಣ್ಣಿಗ ಎಂದು ಹಂಗಿಸುತ್ತಾರೆ, ಆದ್ದರಿಂದ ಮಾಡುವುದು ಯೋಗ್ಯ ಎಂಬುದು ಅವನು ಕೊಟ್ಟ ಕಾರಣ. ಕೆರೆಯಲ್ಲಿ ಈಜಲು ಅಂಗಿ ಬಿಚ್ಚದ, ಬೇಸಿಗೆಯಲ್ಲೂ ಎರಡು ಬನಿಯನ್ ಹಾಕುವ, ಬೆನ್ನು ಬಾಗಿಸಿ ನಡೆಯುವ ಹುಡುಗರನ್ನು ನಾನು ಈ ಜಿಲ್ಲೆಯಲ್ಲಿ ದಿನಾ ನೋಡುತ್ತೇನೆ. ಅವರ ಸಂಕಟ ಸಣ್ಣದು ಎಂದು ಯಾರೂ ಹೇಳಬಾರದು. ನಾನು ಹೇಳುವುದು ನೀತಿಯ ಮಾತಲ್ಲ, ಗಾಯದ ಮಾತು. ನೀವು ಮುಚ್ಚಿಟ್ಟಿರುವುದರಿಂದಲೇ ವೆಸ್ಟ್ ಒಗೆದು ಹಗ್ಗಕ್ಕೆ ಹಾಕಲಾಗುತ್ತಿಲ್ಲ, ಚೀಲ ಎತ್ತುವುದಿಲ್ಲ ಎಂದು ಮಿಲ್ಲಿನಲ್ಲಿ ಹೇಳಲಾಗುತ್ತಿಲ್ಲ, ಗಟ್ಟಿ ಬೇಳೆ ಮಾಡಿಕೊಡು ಎಂದು ಅವ್ವನನ್ನು ಕೇಳಲಾಗುತ್ತಿಲ್ಲ, ಅಲ್ವಾ? ರಾತ್ರಿ ಜ್ವರ ಬಂದರೆ ಯಾರನ್ನು ಎಬ್ಬಿಸುತ್ತೀರಿ? ಪೂರ್ತಿ ಕತೆ ಹೇಳಬೇಕಿಲ್ಲ. ‘ಎದೆಯಲ್ಲಿ ಗಂಟಿತ್ತು, ತೆಗೆಸಿದೆ, ಆರು ವಾರ ಭಾರ ಎತ್ತುವಂತಿಲ್ಲ’ ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಅವ್ವನಿಗೆ ಹೇಳುವಾಗ ಅಣ್ಣ ಪಕ್ಕದಲ್ಲಿರಲಿ. ಮಿಲ್ಲಿನಲ್ಲಿ ಮಾಲೀಕರಿಗೊಬ್ಬರಿಗೆ ತಿಳಿಸಿದರೆ ಸಾಕು.

ಮದುವೆಗೆ ಈ ಆಪರೇಷನ್‌ನಿಂದ ಯಾವ ತೊಂದರೆಯೂ ಇಲ್ಲ. ಗಂಡಸುತನದ ಹಾರ್ಮೋನ್ ಹುಟ್ಟುವುದು ವೃಷಣದಲ್ಲಿ, ಎದೆಯ ಗ್ರಂಥಿ ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ. ಮಕ್ಕಳಾಗುವುದಕ್ಕೂ ಸಂಬಂಧ ಇಲ್ಲ. ಒಂದು ಮಾತ್ರ ಕೇಳುತ್ತೇನೆ: ಆಪರೇಷನ್‌ಗೆ ಮೊದಲು ಯಾರಾದರೂ ನಿಮ್ಮ ವೃಷಣ ಮುಟ್ಟಿ ಪರೀಕ್ಷೆ ಮಾಡಿದ್ದರಾ, ಹಾರ್ಮೋನ್ ರಕ್ತಪರೀಕ್ಷೆ ಮಾಡಿಸಿದ್ದರಾ? ಇಲ್ಲದಿದ್ದರೆ ಈಗ ಸರ್ಜರಿ ಓಪಿಡಿಗೆ ಹೋದಾಗಲೇ ಅದನ್ನೂ ಕೇಳಿ ಮಾಡಿಸಿಕೊಳ್ಳಿ. ವೃಷಣ ತೀರಾ ಸಣ್ಣದಾಗಿ ಗಟ್ಟಿಯಾಗಿದ್ದರೆ, ಗಡ್ಡ ಮೀಸೆ ಬಹಳ ವಿರಳವಾಗಿದ್ದರೆ ಕ್ಲೈನ್‌ಫೆಲ್ಟರ್ ಎಂಬ ಹುಟ್ಟಿನಿಂದ ಬರುವ ಸ್ಥಿತಿ ಇರಬಹುದು. ಮಕ್ಕಳಾಗುವ ಪ್ರಶ್ನೆ ಏಳುವುದು ಆಗ ಮಾತ್ರ, ಅದಕ್ಕೂ ಈಗ ದಾರಿಗಳಿವೆ. ವೃಷಣದಲ್ಲಿ ಗಡುಸು ಗಂಟು ಸಿಕ್ಕರೆ ತಡಮಾಡದೆ ಸ್ಕ್ಯಾನ್ ಮಾಡಿಸಬೇಕು. ನಿಮ್ಮಂತೆ ಹದಿಮೂರು, ಹದಿನಾಲ್ಕರಲ್ಲಿ ಶುರುವಾದ ಉಬ್ಬಿನಲ್ಲಿ ಇವೆರಡೂ ಅಪರೂಪ. ಎರಡು ನಿಮಿಷದ ಪರೀಕ್ಷೆಯಲ್ಲಿ ಗೊತ್ತಾಗುವುದನ್ನು ಅನುಮಾನದಲ್ಲಿ ಇಟ್ಟುಕೊಂಡು ಹೆಣ್ಣು ನೋಡಲು ಹೋಗುವುದು ಬೇಡ.